ಖಂಡೆ ಪೂಜೆಯ ಮರುದಿನದ ಬ್ರೇಕು

ಈಗ ಸೈಕಲ್ ರಿಪೇರಿ ಕಲಿಯಲು ಬರುವವರು ಮೊದಲು ಪಂಚರ್ ಹಾಕುವುದನ್ನು ಕಲಿಯುತ್ತಾರೆ. ಅದು ಸರಿಯೇ. ಆದರೆ ಪಂಚರ್ ಆದ ಸೈಕಲ್ಲು ತಾನಾಗಿಯೇ ನಿಲ್ಲುತ್ತದೆ. ಹತ್ತಿದವರು ಇಳಿದು, ಬೈದುಕೊಂಡು, ತಳ್ಳಿಕೊಂಡು ಬರುತ್ತಾರೆ, ಅಷ್ಟೇ. ನಾನು ಬರೆಯಬೇಕೆಂದಿರುವುದು ನಿಲ್ಲದ ಸೈಕಲ್ಲಿನ ಬಗ್ಗೆ. ನನ್ನ ಕೆಲಸದ ಬಹುಭಾಗ ಬ್ರೇಕಿನದೇ ಆಗಿತ್ತು. ಕೊಪ್ಪಳದ ಒಂದು ಸೈಕಲ್ ಅಂಗಡಿಯಲ್ಲಿ ಕಲಿತೆ, ಅಲ್ಲಿಯೇ ಮುದುಕನಾದೆ. ನಡುವೆ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹೈಸ್ಕೂಲುಗಳಿಗೆ ಹೋಗಿ ಮಕ್ಕಳ ಸೈಕಲ್ಲುಗಳನ್ನು ನೋಡಿಕೊಂಡು ಬರುವ ಕೆಲಸವೂ ಇತ್ತು. ಈಗ ಬೆರಳಿನ ಗೆಣ್ಣುಗಳು ಊದಿಕೊಂಡು ನಟ್ಟು ಬಿಗಿಯುವ ಪಾನಾ ಹಿಡಿಯಲು ಬರುವುದಿಲ್ಲ. ಪೆನ್ನು ಹಿಡಿಯಲು ಬರುತ್ತದೆ.

ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ಬ್ರೇಕ್ ಹಿಡಿಯದೆ ಒಬ್ಬ ಹುಡುಗಿ ಬಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.  ಅದಕ್ಕೆ ಮೊದಲು ಸ್ವಲ್ಪ ಕೆಲಸದ ಮಾತು.

ನನಗೆ ಕೆಲಸ ಕಲಿಸಿದವರು ನೀಲಕ್ಕ. ಅಂಗಡಿ ಅವರ ಗಂಡನದು. ಗಂಡ ತೀರಿಕೊಂಡ ಮೇಲೆ ಮನೆಯವರೆಲ್ಲ ಅದನ್ನು ಮಾರಿಬಿಡು ಎಂದರಂತೆ. ಅವರು ಮಾರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮರದ ಮಣೆಯ ಮೇಲೆ ಕುಳಿತು, ಗಾಲಿಯ ಬೆಂಡ್ ತೆಗೆಯುತ್ತಿದ್ದರು. ಅವರಿಗೆ ಸೈಕಲ್ ಹೊಡೆಯಲು ಬರುವುದಿಲ್ಲ ಎಂಬುದು ಬಹಳ ಗಿರಾಕಿಗಳಿಗೆ ಗೊತ್ತೇ ಇರಲಿಲ್ಲ. ಹೊಡೆಯಲು ಬಾರದವರು ಬ್ರೇಕನ್ನು ಪರೀಕ್ಷಿಸುವುದು ಹೇಗೆ? ಅವರು ಸೈಕಲ್ಲನ್ನು ಅಂಗಡಿಯ ಮುಂದಿನ ಮಣ್ಣಿನಲ್ಲಿ ನಿಲ್ಲಿಸಿ, ಬ್ರೇಕ್ ಹಿಡಿದು ತಳ್ಳಿ ನೋಡುತ್ತಿದ್ದರು. ಮುಂದಿನ ಬ್ರೇಕ್ ಹಿಡಿದು ತಳ್ಳಿದರೆ ಹಿಂದಿನ ಗಾಲಿ ನೆಲಬಿಟ್ಟು ಏಳಬೇಕು. ಹಿಂದಿನ ಬ್ರೇಕ್ ಹಿಡಿದು ತಳ್ಳಿದರೆ ಹಿಂದಿನ ಗಾಲಿ ತಿರುಗದೆ ಮಣ್ಣಿನಲ್ಲಿ ಗೆರೆ ಎಳೆಯಬೇಕು. ಸಂಜೆಯ ಹೊತ್ತಿಗೆ ಅಂಗಡಿಯ ಮುಂದೆ ನೇಗಿಲು ಹೊಡೆದಂತೆ ಕಾಣುತ್ತಿತ್ತು.

ನಾನು ಕಲಿಯುವಾಗ ಒಮ್ಮೆ ಹೀಗಾಯಿತು.

"ಯಮನೂರಾ, ಗೆರಿ ಬಿದ್ದಿಲ್ಲ."

"ಸ್ವಲ್ಪ ಬಿದ್ದೈತ್ರಿ ಅಕ್ಕಾರ."

"ಸ್ವಲ್ಪ ಬಿದ್ದದ್ದು ನಿನಗ ಕಾಣತೈತಿ. ಎದುರ ಬರೋ ಲಾರಿಗೆ ಕಾಣತೈತೇನು?"

ಬಿಚ್ಚಿ ಮತ್ತೆ ಕಟ್ಟಿದೆ.

ಸವೆತ ನೋಡುವುದನ್ನು ಅವರು ಕಲಿಸಿದ್ದು ಹೀಗೆ. ಹೊಸ ಬ್ರೇಕ್ ರಬ್ಬರಿನ ಮೈಮೇಲೆ ಅಡ್ಡ ಗೆರೆಗಳಿರುತ್ತವೆ. ಉಗುರು ಇಟ್ಟರೆ ಅದು ಗೆರೆಯೊಳಗೆ ಇಳಿಯಬೇಕು. ಇಳಿಯದಿದ್ದರೆ ರಬ್ಬರ್ ಮುಗಿದಿದೆ. ಗೆರೆ ಉಳಿದಿದ್ದರೂ ಹಳೆಯ ರಬ್ಬರ್ ಕಲ್ಲಿನಂತಾಗಿರುತ್ತದೆ. ಉಗುರಿನಿಂದ ಒತ್ತಿದರೆ ಗುರುತು ಮೂಡುವುದಿಲ್ಲ. ಬಿಸಿಲಿನಲ್ಲಿ ನಿಲ್ಲುವ ನಮ್ಮ ಕಡೆಯ ಸೈಕಲ್ಲುಗಳಲ್ಲಿ ತೇಯ್ದು ಹೋಗುವ ರಬ್ಬರಿಗಿಂತ ಹೀಗೆ ಒಣಗಿ ಬಿರುಸಾಗುವ ರಬ್ಬರೇ ಹೆಚ್ಚು. ಗೆರೆ ಇದೆಯೆಂದು ಮೋಸ ಹೋಗಬೇಡಿ. ಎರಡೂ ರಬ್ಬರುಗಳು ಒಟ್ಟಿಗೇ ರಿಮ್ಮಿಗೆ ತಾಗಬೇಕು. ಮೇಲೆ ಏರಿದರೆ ಟೈರನ್ನು ತಿನ್ನುತ್ತವೆ, ಕೆಳಗಿಳಿದರೆ ಜಾರಿ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತವೆ. ಬ್ರೇಕ್ ವಾಯರ್ ಕಡಿಯುವುದು ಹಿಡಿಕೆಯ ಒಳಗಿನ ತಿರುವಿನಲ್ಲಿ, ಹೊರಗಿನಿಂದ ಕಾಣದ ಕಡೆ. ಹಿಡಿಕೆಯನ್ನು ಒತ್ತಿ ಹಿಡಿದು ಒಳಗೆ ಇಣುಕಿ ನೋಡಬೇಕು. ಒಂದೇ ಎಳೆ ಬಿಚ್ಚಿಕೊಂಡಿದ್ದರೂ ವಾಯರ್ ಬದಲಿಸಬೇಕು. ಉಳಿದ ಎಳೆಗಳು ಗಟ್ಟಿಯಾಗಿವೆ ಎಂದು ಗಿರಾಕಿ ಹೇಳುತ್ತಾನೆ. ಅವನ ಮಾತು ಕೇಳಬಾರದು.

ನಾನು ಕೆಲಸಕ್ಕೆ ಸೇರಿದಾಗ ಎಲ್ಲ ಕಡೆ ರಾಡ್ ಬ್ರೇಕು. ರಬ್ಬರು ಕೆಳಗಿನಿಂದ ರಿಮ್ಮಿನ ಒಳಮೈಗೆ ಒತ್ತುತ್ತಿತ್ತು. ಆಮೇಲೆ ವಾಯರಿನ ಬ್ರೇಕು ಬಂತು. ಅದು ಚಿಮಟದ ಹಾಗೆ ರಿಮ್ಮನ್ನು ಎರಡೂ ಪಕ್ಕದಿಂದ ಹಿಡಿಯುತ್ತದೆ. ಕೈಗೆ ಹಗುರ, ಕೂಡಿಸುವುದೂ ಸುಲಭ. ಆದರೆ ಅದರ ರಬ್ಬರು ಕೂರುವ ತಗಡಿನ ಮನೆಗೆ ಒಂದು ಕಡೆ ಗೋಡೆ, ಇನ್ನೊಂದು ಕಡೆ ಬಾಯಿ. ಮುಚ್ಚಿದ ಕಡೆ ಮುಂದಕ್ಕೆ ಇರಬೇಕು. ಗಾಲಿ ತಿರುಗುವಾಗ ರಬ್ಬರನ್ನು ಮುಂದಕ್ಕೆ ಎಳೆಯುತ್ತದೆ, ಅಲ್ಲಿ ತಡೆಯಲು ಗೋಡೆ ಬೇಕು.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಸೇನಿಯ ಕೈ ಬಹಳ ಚುರುಕು. ಒಮ್ಮೆ ಕುಷ್ಟಗಿಯಲ್ಲಿ ಶಾಲೆಯ ಕೆಲಸ ಮುಗಿಸಿ ಕುಳಿತಿದ್ದಾಗ ಒಬ್ಬ ಟಪಾಲಿನವರು ಬಂದು ತಮ್ಮ ಸೈಕಲ್ಲಿಗೂ ಹೊಸ ರಬ್ಬರ್ ಹಾಕಿರೆಂದರು. ಹುಸೇನಿ ಮಾತಾಡುತ್ತಲೇ ಹಾಕಿದ, ಮಾತಾಡುತ್ತಲೇ ಬಾಯಿಯ ಕಡೆಯನ್ನು ಮುಂದಕ್ಕೆ ಮಾಡಿಬಿಟ್ಟಿದ್ದ. ಟಪಾಲಿನವರು ಹೋದರು, ಸ್ವಲ್ಪ ಹೊತ್ತಿಗೆ ಸೈಕಲ್ ತಳ್ಳಿಕೊಂಡು ತಿರುಗಿ ಬಂದರು. ಅಂಗಿಗೆಲ್ಲ ಜಾಲಿಮುಳ್ಳು. ಜೇಬಿನಿಂದ ರಬ್ಬರ್ ತೆಗೆದು ನಮ್ಮ ಮುಂದೆ ಇಟ್ಟರು.

"ಏನ್ರಿ ಸಾಹೇಬ್ರ, ಏನಾತು?" ಎಂದ ಹುಸೇನಿ.

"ನಾ ಬ್ರೇಕ್ ಹಿಡದೆ. ನಾ ಬೇಲ್ಯಾಗ ನಿಂತೆ, ಇದು ಮುಂದ ಹೋತು. ರಜಿಸ್ಟ್ರಿ ಟಪಾಲ್ ಮಾಡಿದ್ರೂ ಇಷ್ಟು ಜಲ್ದಿ ಹೋಗ್ತಿದ್ದಿಲ್ಲ ನೋಡಪಾ."

ಅವರು ಬೈಯಲಿಲ್ಲ. ಕುಳಿತು ಮುಳ್ಳು ಕೀಳಿಸಿಕೊಂಡು, ಚಹಾ ಕುಡಿದು, ಸರಿ ಮಾಡಿಸಿಕೊಂಡು ಹೋದರು. ಹುಸೇನಿ ಅಂದಿನಿಂದ ಬ್ರೇಕ್ ಕಟ್ಟುವಾಗ ಮಾತಾಡುವುದನ್ನು ಬಿಟ್ಟ. ಅವನನ್ನು ಬಲ್ಲವರಿಗೆ ಅದು ಎಷ್ಟು ಕಷ್ಟದ ವ್ರತವೆಂದು ಗೊತ್ತು.

ಊರು ಬದಲಾದ ಹಾಗೆ ಬ್ರೇಕು ಕೆಡುವ ಬಗೆಯೂ ಬದಲಾಗುತ್ತದೆ. ಯಲಬುರ್ಗಾ ಕಡೆಯ ಜಿಗುಟಾದ ಕಪ್ಪು ಎರಿಮಣ್ಣು ಮಳೆಗಾಲದಲ್ಲಿ ಮಡ್‌ಗಾರ್ಡಿನೊಳಗೆ ತುಂಬಿಕೊಂಡು ಗಾಲಿಯನ್ನೇ ನಿಲ್ಲಿಸಿಬಿಡುತ್ತದೆ. ಅಲ್ಲಿ ಬ್ರೇಕು ಬೇಕಾಗುವುದೇ ಇಲ್ಲ ಎಂದು ನಗುತ್ತಿದ್ದೆವು. ಗಂಗಾವತಿಯದು ಬೇರೆ. ಕಾಲುವೆಯ ಕೆಸರಿನಲ್ಲಿರುವ ಮರಳು ರಬ್ಬರಿನೊಳಗೆ ನಾಟಿಕೊಂಡು, ಬ್ರೇಕ್ ಹಿಡಿದಾಗಲೆಲ್ಲ ಅರದಂತೆ ರಿಮ್ಮನ್ನು ಉಜ್ಜುತ್ತದೆ. ಉಕ್ಕಿನ ರಿಮ್ಮು ತಡೆದುಕೊಳ್ಳುತ್ತಿತ್ತು. ಅಲ್ಯೂಮಿನಿಯಂ ರಿಮ್ಮು ಬಂದ ಮೇಲೆ ಕಷ್ಟ ಶುರುವಾಯಿತು.

ಅಲ್ಲಿ ಆಂಧ್ರದಿಂದ ಬಂದ ರೈತರು ನೆಲೆಸಿದ ಒಂದು ಕ್ಯಾಂಪಿನಲ್ಲಿ ಸುಬ್ಬಾರಾವ್ ಎಂಬ ರೈತರಿದ್ದರು. ಗದ್ದೆಗೆ ಹೋಗಲು ಹಗುರ ಸೈಕಲ್ ಕೊಂಡಿದ್ದರು. ಒಂದು ಮಧ್ಯಾಹ್ನ ನಾವು ಪಕ್ಕದ ಶಾಲೆಯಲ್ಲಿರುವಾಗ ಢಂ ಎಂದು ಶಬ್ದವಾಯಿತು. ಜನ ಓಡಿದರು, ನಾವೂ ಓಡಿದೆವು. ಸುಬ್ಬಾರಾವ್ ಬಿಸಿಲಲ್ಲಿ ನಿಂತ ತಮ್ಮ ಸೈಕಲ್ಲಿನಿಂದ ದೂರ ಸರಿದು ಎರಡೂ ಕೈ ಎತ್ತಿ ನಿಂತಿದ್ದರು, ಪೊಲೀಸರು ಹಿಡಿಯಲು ಬಂದಂತೆ.

"ಮಿಸ್ತ್ರಿಗಾರೂ, ನಾನು ಏನೂ ಮಾಡ್ಲಿಲ್ಲ. ಅದು ಸುಮ್ನೆ ನಿಂತಿತ್ತು. ನಿಂತಲ್ಲೇ ಒಡೀತು!"

ರಿಮ್ಮಿನ ಪಕ್ಕದ ಗೋಡೆ ಸವೆದು ಸವೆದು ಕಾಗದದಂತಾಗಿ, ಬಿಸಿಲಿಗೆ ಗಾಳಿ ಉಬ್ಬಿದಾಗ ಹರಿದುಹೋಗಿತ್ತು. ಹತ್ತಿ ಹೋಗುವಾಗ ಆಗಿದ್ದರೆ ಏನಾಗುತ್ತಿತ್ತೋ. ಅಂದಿನಿಂದ ನಾನು ಪ್ರತಿ ರಿಮ್ಮಿನ ಪಕ್ಕಕ್ಕೂ ಒಂದು ಸಣ್ಣ ಉಕ್ಕಿನ ಪಟ್ಟಿಯನ್ನು ನಿಲ್ಲಿಸಿ ನೋಡುತ್ತಿದ್ದೆ. ಪಟ್ಟಿಗೂ ರಿಮ್ಮಿಗೂ ನಡುವೆ ಬೆಳಕು ಕಂಡರೆ ರಿಮ್ಮು ಒಳಗೆ ತಗ್ಗಿದೆ ಎಂದರ್ಥ, ಗಾಲಿ ಬದಲಿಸಬೇಕು. ರಬ್ಬರಿನಲ್ಲಿ ನಾಟಿದ ಹರಳನ್ನು ಸೂಜಿಯಿಂದ ತೆಗೆಯಬೇಕು. ಸುಬ್ಬಾರಾವ್ ಆಮೇಲೆ ದಿನಾ ಸಂಜೆ ಕಾಲುವೆಯಲ್ಲಿ ಎತ್ತಿಗಿಂತ ಮೊದಲು ಗಾಲಿ ತೊಳೆಯುತ್ತಾರೆಂದು ಅವರ ಹೆಂಡತಿ ನಗುತ್ತಾ ಹೇಳಿದರು.

ಈಗ ಆ ಹುಡುಗಿಯ ವಿಷಯ.

ನನ್ನ ತಂಗಿಯನ್ನು ಕುಕನೂರಿಗೂ ಯಲಬುರ್ಗಾಕ್ಕೂ ನಡುವಿನ ಒಂದು ಸಣ್ಣ ಊರಿಗೆ ಕೊಟ್ಟಿದ್ದೇವೆ. ಊರು ದಿಬ್ಬದ ಮೇಲಿದೆ. ಊರಿನಿಂದ ಹೊರಟ ರಸ್ತೆ ನೇರ ಇಳಿದು, ಹಳ್ಳದ ಸಣ್ಣ ಸೇತುವೆ ದಾಟಿ, ಹೈಸ್ಕೂಲಿರುವ ದೊಡ್ಡ ಊರಿಗೆ ಹೋಗುತ್ತದೆ. ಊರಿನ ಹುಡುಗಿಯರು ಗುಂಪಾಗಿ ಸೈಕಲ್ಲಿನಲ್ಲಿ ಆ ಶಾಲೆಗೆ ಹೋಗುತ್ತಿದ್ದರು. ಸರ್ಕಾರದ ಪುಕ್ಕಟೆ ಸೈಕಲ್ ಬರುವ ಮೊದಲು ಆ ಊರಿನಿಂದ ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋದದ್ದು ಕಡಿಮೆ. ದಸರೆಗೆ ಮೊದಲಿನ ತಿಂಗಳು ನಾನು ಆ ಶಾಲೆಯ ಎಲ್ಲ ಸೈಕಲ್ಲುಗಳನ್ನು ನೋಡಿದ್ದೆ. ಒಂಬತ್ತನೇ ತರಗತಿಯ ರೇಣುಕಾಳದನ್ನೂ ನೋಡಿ, ಎರಡೂ ಬ್ರೇಕಿಗೆ ಹೊಸ ರಬ್ಬರ್ ಹಾಕಿದ್ದೆ. ನನ್ನ ತಂಗಿಯ ಮನೆಯ ಹತ್ತಿರದವಳಾದ್ದರಿಂದ ನನ್ನನ್ನು ಮಿಸ್ತ್ರಿ ಮಾಮಾ ಎನ್ನುತ್ತಿದ್ದಳು.

ದಸರೆಯ ದಿನ ಬನ್ನಿ ಕೊಡಲು ನಾನು ತಂಗಿಯ ಮನೆಗೆ ಹೋಗಿದ್ದೆ. ಇಳಿಹೊತ್ತು. ಮನೆಯ ಕಟ್ಟೆಯ ಮೇಲೆ ಕುಳಿತರೆ ಇಳಿಜಾರು ಪೂರ್ತಿ ಕಾಣುತ್ತದೆ. ರೇಣುಕಾ ಮೇಲಿನ ಓಣಿಯಿಂದ ಸೈಕಲ್ ಹತ್ತಿ ಬಂದಳು. ಹೊಸ ಲಂಗ ದಾವಣಿ, ಮುಂದಿನ ಬುಟ್ಟಿಯಲ್ಲಿ ಬನ್ನಿ ಎಲೆ. ದೊಡ್ಡ ಊರಿನಲ್ಲಿದ್ದ ತನ್ನ ಟೀಚರಿಗೆ ಬನ್ನಿ ಕೊಡಲು ಹೊರಟಿದ್ದಳೆಂದು ಆಮೇಲೆ ತಿಳಿಯಿತು. ನನ್ನ ಮುಂದೆ ಹಾದುಹೋಗುವಾಗ ನಕ್ಕಳು. ಸ್ವಲ್ಪ ಕೆಳಗಿಳಿದ ಮೇಲೆ ಅವಳ ಬೆನ್ನು ಸೆಟೆಯಿತು. ಅವಳು ಎರಡೂ ಕೈಗಳಿಂದ ಬ್ರೇಕ್ ಹಿಡಿದಿದ್ದಳು. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ, ಮೊಣಕೈಗಳು ನಡುಗುವಷ್ಟು ಹಿಡಿದಿದ್ದಳು. ಗಾಲಿ ತಿರುಗುತ್ತಲೇ ಇತ್ತು. ಕೆಳಗೆ ಸೇತುವೆಯ ಮೇಲೆ ಹೆಂಗಸರು ಕೊಡ ಹೊತ್ತು ಬರುತ್ತಿದ್ದರು.

"ಸರೀರಿ! ಯವ್ವಾ, ಸರೀರಿ!" ಎಂದು ರೇಣುಕಾ ಕೂಗಿದಳು.

ಅವರಿಗೆ ಸರಿಯಲು ಜಾಗವಿರಲಿಲ್ಲ. ಅವಳು ಹ್ಯಾಂಡಲ್ಲನ್ನು ಸೇತುವೆಯ ಕಟ್ಟೆಯ ಕಡೆಗೆ ತಿರುಗಿಸಿದಳು. ತಾನಾಗಿಯೇ ತಿರುಗಿಸಿದಳು, ಅದನ್ನೂ ನಾನು ನೋಡಿದೆ. ಆಮೇಲೆ ಅವಳು ಕಟ್ಟೆಯ ಬುಡದಲ್ಲಿ ಬಿದ್ದಿದ್ದಳು. ಕಾಲು ಮಡಚಬಾರದ ಕಡೆ ಮಡಚಿತ್ತು.

ನಾನು ಓಡಿದೆನೋ ನಡೆದೆನೋ ನೆನಪಿಲ್ಲ. ಅವಳ ಅಪ್ಪ ಶರಣಪ್ಪ ಮೇಲಿನಿಂದ ಓಡಿಬಂದ. ಯಾರಿಗೋ ಕೊಡಲು ಹಿಡಿದಿದ್ದ ಬನ್ನಿ ಎಲೆ ಕೈಯಲ್ಲಿ ಹಾಗೇ ಇತ್ತು. ಆಂಬುಲೆನ್ಸ್ ಬಂದು ಅಪ್ಪ ಮಗಳನ್ನು ಕೊಪ್ಪಳಕ್ಕೆ ಕರೆದುಕೊಂಡು ಹೋಯಿತು. ಸೇತುವೆಯ ಮೇಲೆ ಜನ ಉಳಿದರು. ರೇಣುಕಾಳ ಗೆಳತಿಯ ಅಪ್ಪ ಮಾರುತೆಪ್ಪ ಎಂಬುವನು ನನ್ನ ಕಡೆ ನೋಡದೆ ಹೇಳಿದ:

"ಮೊನ್ನೆನ ಮಿಸ್ತ್ರಿ ನೋಡಿದ ಸೈಕಲ್ ಐತಿದು."

ಇನ್ನೊಬ್ಬ ಹೇಳಿದ: "ಪುಕ್ಕಟೆ ಕೊಟ್ಟದ್ದು ಮತ್ತ ಹೆಂಗಿರತೈತಿ?"

"ಇನ್ನ ನಮ್ಮ ಹುಡುಗ್ಯಾರ್ನ ಕಳಸಾಂಗಿಲ್ಲಪಾ. ಎಂಟನೇತ್ತ ಮುಗಿಸ್ಯಾರ, ಭಾಳ ಆತು," ಎಂದ ಮಾರುತೆಪ್ಪ. ಸುತ್ತಲಿನವರು ತಲೆಯಾಡಿಸಿದರು.

ನಾನು ಜನರ ನಡುವಿನಿಂದ ಮುಂದೆ ಹೋದೆ. ಬಿದ್ದಿದ್ದ ಸೈಕಲ್ಲಿನ ಹತ್ತಿರ ಕುಳಿತೆ. ಮುಂದಿನ ಗಾಲಿ ಚಕ್ಕುಲಿಯಂತೆ ತಿರುಚಿತ್ತು. ವಾಯರ್ ಕಡಿದಿರಲಿಲ್ಲ. ಹಿಡಿಕೆ ಬಿಗಿಯಾಗಿತ್ತು. ರಬ್ಬರಿನ ಗೆರೆಯಲ್ಲಿ ಉಗುರು ಇಳಿಯಿತು. ಎಲ್ಲವೂ ಸರಿ ಇದ್ದದ್ದನ್ನು ಕಂಡು ನನಗೆ ಹೆಚ್ಚು ಹೆದರಿಕೆಯಾಯಿತು. ಕೊನೆಗೆ ಎರಡೂ ಗಾಲಿಗಳ ರಿಮ್ಮಿನ ಮೇಲೆ ಬೆರಳು ಆಡಿಸಿದೆ. ಬೆರಳು ಜಾರಿತು. ಮೂಗಿಗೆ ಹಿಡಿದೆ. ಕುಸುಬಿ ಎಣ್ಣೆ.

ದಸರೆಯ ಹಿಂದಿನ ದಿನ ಖಂಡೆ ಪೂಜೆ. ಆಯುಧ ಪೂಜೆಗೆ ನಮ್ಮ ಕಡೆಯ ಹೆಸರು. ಅಂದು ಮನೆಯಲ್ಲಿ ದುಡಿಯುವ ವಸ್ತುಗಳನ್ನೆಲ್ಲ ತೊಳೆದು, ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿ, ವಿಭೂತಿ ಹಚ್ಚಿ, ಹೂ ಏರಿಸುತ್ತಾರೆ. ಕುಡುಗೋಲು, ಕೊಡಲಿ, ಕುರ್ಚಿಗಿ, ಅವುಗಳ ಸಾಲಿನಲ್ಲಿ ಸೈಕಲ್ಲು. ಕುಡುಗೋಲಿಗೆ ಎಣ್ಣೆ ಒಳ್ಳೆಯದು. ರಿಮ್ಮಿಗೆ ಎಣ್ಣೆ ಹಚ್ಚಿದರೆ ಬ್ರೇಕು ಇದ್ದೂ ಇಲ್ಲದಂತೆ. ಮಡ್‌ಗಾರ್ಡಿನ ಮೇಲೆ ಮೂರು ಬೆರಳಿನ ವಿಭೂತಿ ಇನ್ನೂ ಅಳಿಸಿರಲಿಲ್ಲ.

ತಂಗಿಯ ಮನೆಗೆ ಬಂದು ಕುಳಿತೆ. ನಾನು ಕೇಳದೆಯೇ ತಂಗಿ ಹೇಳಿದಳು: "ನಿನ್ನಿ ಬೆಳಿಗ್ಗಿಂದ ಶರಣಪ್ಪಣ್ಣ ಆ ಸೈಕಲ್ ತಿಕ್ಕಿದ್ದ ತಿಕ್ಕಿದ್ದು. ಮಗಳ ಗಾಲಿ ಕನ್ನಡಿ ಆಗೇತಿ ನೋಡಬರ್ರಿ ಅಂತ ಓಣಿ ಮಂದಿನೆಲ್ಲಾ ಕರದು ತೋರಿಸಿದ. ಎಷ್ಟು ಖುಷಿ ಇದ್ದ, ಪಾಪ."

ನಾನು ಅವಳಿಗೂ ಹೇಳಲಿಲ್ಲ. ಹೇಳಿದರೆ ಆ ಮಾತು ನನಗಿಂತ ಮೊದಲು ಶರಣಪ್ಪನನ್ನು ತಲುಪುತ್ತಿತ್ತು.

ಮರುದಿನ ಅಂಗಡಿಯಲ್ಲಿ ನೀಲಕ್ಕನಿಗೆ ಹುಡುಗಿ ಬಿದ್ದದ್ದನ್ನು ಹೇಳಿದೆ. ಅವರಿಗೂ ಆಗ ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು.

"ನೀ ನೋಡಿದ ಸೈಕಲ್ಲೇನು?"

"ಹೌದ್ರಿ ಅಕ್ಕಾರ."

"ಸರಿ ಇತ್ತು?"

"ಸರಿ ಇತ್ತು."

"ನೀ ಸರಿ ಇತ್ತು ಅಂದಮ್ಯಾಲ ಸರಿ ಇತ್ತು," ಎಂದು ಅವರು ಮತ್ತೇನೂ ಕೇಳದೆ ಕೈಯಲ್ಲಿದ್ದ ಕಡ್ಡಿಯನ್ನು ತಿರುವಿದರು. ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕ ಸಂಬಳ, ಬಕ್ಷೀಸು ಎಲ್ಲ ಮರೆತುಹೋಗಿವೆ. ಆ ಮಾತು ಮರೆತಿಲ್ಲ.

ಮಧ್ಯಾಹ್ನ ಬುತ್ತಿ ತೆಗೆದುಕೊಂಡು ದವಾಖಾನೆಗೆ ಹೋದೆ. ಶರಣಪ್ಪ ಔಷಧ ತರಲು ಕೆಳಗೆ ಹೋಗಿದ್ದ. ರೇಣುಕಾಳ ಕಾಲಿಗೆ ತೊಡೆಯವರೆಗೆ ಪಟ್ಟಿ ಹಾಕಿದ್ದರು. ನನ್ನನ್ನು ಕಂಡೊಡನೆ ಬಾಗಿಲ ಕಡೆ ನೋಡಿ, ಧ್ವನಿ ತಗ್ಗಿಸಿ ಕೇಳಿದಳು:

"ಮಾಮಾ, ಸೈಕಲ್ ನೋಡಿದ್ರೇನು? ಎಣ್ಣಿ ಅಲ್ರಿ?"

"ನಿನಗ ಹೆಂಗ ಗೊತ್ತವಾ?"

"ಬ್ರೇಕ್ ಸಡ್ಲ ಇದ್ದಿದ್ದಿಲ್ಲ, ಗಟ್ಟಿನ ಇತ್ತು. ಬಿದ್ದಾಗ ಗಾಲಿ ಹಿಡಕೊಂಡು ಏಳಾಕ ಹೋದೆ, ಕೈಯೆಲ್ಲಾ ಜಿಡ್ಡಾತು." ಮತ್ತೆ ಬಾಗಿಲ ಕಡೆ ನೋಡಿದಳು. "ಅಪ್ಪಗ ಹೇಳಬ್ಯಾಡ್ರಿ. ಊಟ ಬಿಟ್ಟುಬಿಡ್ತಾನ."

"ಹೇಳಲಿಲ್ಲಂದ್ರ ಸೈಕಲ್ ಕೆಟ್ಟದ್ದಂತ ನಿನ್ನ ಸಾಲಿ ಬಿಡಸ್ತಾನವ್ವಾ."

"ಬಿಡಸ್ಲಿ," ಎಂದು ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಭುಜ ಅಲುಗುತ್ತಿತ್ತು.

ಅಷ್ಟರಲ್ಲಿ ಶರಣಪ್ಪ ಬಂದ. ನನ್ನನ್ನು ಹೊರಗಿನ ಪಡಸಾಲೆಗೆ ಕರೆದುಕೊಂಡು ಹೋದ.

"ಮಿಸ್ತ್ರಿ, ನನಗ ನಿಮ್ಮ ಮ್ಯಾಲ ಸಿಟ್ಟಿಲ್ಲ. ಖರೇ ಹೇಳ್ರಿ, ಸೈಕಲ್‌ನ್ಯಾಗ ಏನು ಕೆಟ್ಟಿತ್ತು?"

"ಏನೂ ಕೆಟ್ಟಿದ್ದಿಲ್ರಿ."

"ಹಂಗಾರ ನನ್ನ ಮಗಳು ಯಾಕ ಬಿದ್ಲು?"

ಒಳಗೆ ಮಲಗಿದ್ದವಳಿಗೆ ನಾನು ಮಾತು ಕೊಟ್ಟಿರಲಿಲ್ಲ, ಆದರೂ ಕೊಟ್ಟಂತೆಯೇ ಆಗಿತ್ತು. ಸುಳ್ಳು ಹೇಳಲೂ ಬರಲಿಲ್ಲ. "ಊರಿಗೆ ಹೋದಾಗ ಸೈಕಲ್ ನೀವ ಒಮ್ಮೆ ನೋಡ್ರಿ. ನಾನೂ ಬರ್ತೀನಿ," ಎಂದೆ.

"ಇನ್ನ ಆ ಸೈಕಲ್ ಮಾರಿ ನೋಡಂಗಿಲ್ಲ ನಾ. ಆಕಿ ಸಾಲಿನೂ ಸಾಕು, ಸೈಕಲ್ಲೂ ಸಾಕು."

"ಒಮ್ಮೆ ನೋಡ್ರಿ," ಎಂದೆ. 

ದಸರೆಯ ರಜೆಯ ಕೊನೆಯ ದಿನ ಅವನು ಬಟ್ಟೆ ತರಲು ಊರಿಗೆ ಬಂದ. ಹೆಂಡತಿ ಮಗಳ ಹತ್ತಿರ ಉಳಿದಿದ್ದಳು. ನಾನೂ ಹೋದೆ. ಸೈಕಲ್ಲು ಅವನ ಅಂಗಳದಲ್ಲಿ ಗೋಡೆಗೆ ಒರಗಿತ್ತು. ಹಿಂದಿನ ಗಾಲಿ ಎತ್ತಿ ಹಿಡಿದೆ. ಬ್ರೇಕನ್ನು ಒತ್ತಿ ಹಿಡಿದು, ಗಾಲಿ ತಿರುಗಿಸಿರೆಂದು ಅವನಿಗೆ ಹೇಳಿದೆ. ತಿರುಗಿಸಿದ. ಬ್ರೇಕ್ ಹಿಡಿದಿದ್ದರೂ ಗಾಲಿ ತಿರುಗಿತು.

"ಇದ ನೋಡ್ರಿ, ಕೆಟ್ಟಿಲ್ಲ ಅಂತೀರಲ್ಲ!"

"ಈಗ ರಿಮ್ ಮುಟ್ಟರಿ."

ಮುಟ್ಟಿದ. ಎರಡು ಬೆರಳನ್ನು ಒಂದಕ್ಕೊಂದು ಉಜ್ಜಿದ. ಮೂಗಿನ ಹತ್ತಿರ ಒಯ್ದ. ಆಮೇಲೆ ಅಲ್ಲೇ ನೆಲದ ಮೇಲೆ ಕುಳಿತ. ನಾನು ಗಾಲಿಯನ್ನು ಮೆಲ್ಲಗೆ ಕೆಳಗಿಳಿಸಿದೆ. ಬಹಳ ಹೊತ್ತು ಅವನು ತನ್ನ ಕೈಯನ್ನೇ ನೋಡುತ್ತಿದ್ದ.

"ನಾ ಹಚ್ಚಿದ್ದು," ಎಂದ.

ನಾನು ಅವನ ಪಕ್ಕದಲ್ಲಿ ಕುಳಿತೆ.

"ಆಕಿಗೆ ಹೇಳಬ್ಯಾಡ್ರಿ ಮಿಸ್ತ್ರಿ. ನಮ್ಮಪ್ಪನ ನನ್ನ ಕಾಲು ಮುರದ ಅಂತ ಆಕಿ ಮನಸಿನ್ಯಾಗ ಕುಂದ್ರಬಾರ್ದು."

ಮಗಳು ಅಪ್ಪನಿಗೆ ಹೇಳಬೇಡಿ ಎಂದಿದ್ದಳು, ಅಪ್ಪ ಮಗಳಿಗೆ ಹೇಳಬೇಡಿ ಎನ್ನುತ್ತಿದ್ದ. ಆಗ ನನಗೆ ಗೊತ್ತಿದ್ದದ್ದು ಒಂದೇ ಕೆಲಸ. ಒಂದು ಬಕೆಟ್ ನೀರು, ಬಟ್ಟೆ ಸಾಬೂನು ಕೇಳಿ ತೆಗೆದುಕೊಂಡು ರಿಮ್ಮನ್ನು ತೊಳೆದೆ, ಒರೆಸಿದೆ, ಮತ್ತೆ ತೊಳೆದೆ. ರಿಮ್ಮು ತೊಳೆದರೆ ಸಾಲದು, ರಬ್ಬರು ಎಣ್ಣೆ ಕುಡಿದಿರುತ್ತದೆ. ಅದನ್ನು ಬಿಚ್ಚಿ, ಒಳಗಿನ ಒಣ ರಬ್ಬರು ಕಾಣುವವರೆಗೆ ಉಸುಕಿನ ಕಾಗದದಿಂದ ಉಜ್ಜಬೇಕು. ಬಹಳ ಕುಡಿದಿದ್ದರೆ ಹೊಸತೇ ಹಾಕಬೇಕು. ಶರಣಪ್ಪ ನೋಡುತ್ತ ಕುಳಿತಿದ್ದ. ಎಲ್ಲ ಕಟ್ಟಿ, ಬ್ರೇಕ್ ಹಿಡಿದು, ಗಾಲಿ ತಿರುಗಿಸಿ ನೋಡಲು ಅವನಿಗೇ ಹೇಳಿದೆ. ತಿರುಗಲಿಲ್ಲ.

ಅವನು ತಲೆ ಎತ್ತಿ ಓಣಿಯ ಕಡೆ ನೋಡಿದ. ಎದುರಿನ ಮಾರುತೆಪ್ಪನ ಗೋಡೆಗೆ ಅವನ ಮಗಳ ಸೈಕಲ್ಲು ಒರಗಿತ್ತು, ಅದರಾಚೆ ಇನ್ನೊಂದು. ಎರಡರ ಗಾಲಿಗಳೂ ಬಿಸಿಲಿಗೆ ಥಳಥಳ ಹೊಳೆಯುತ್ತಿದ್ದವು.

"ಮಿಸ್ತ್ರಿ, ಅವಕ್ಕೂ...?"

"ಎಲ್ಲಾರ ಮನ್ಯಾಗೂ ಪೂಜಿ ಆಗೇತಲ್ರಿ."

"ಸಾಲಿ ನಾಳೆ ಸುರು ಐತಿ. ಕಳಸಾಂಗಿಲ್ಲ ಅಂತಾರ ಇವ್ರು, ಹುಡುಗ್ಯಾರು ಕೇಳತಾವೇನು?"

ಅವನು ಎದ್ದ. ನಾನು ರಿಮ್ಮು ಒರೆಸಿದ್ದ ಜಿಡ್ಡಿನ ಬಟ್ಟೆಯನ್ನು ಕೈಯಲ್ಲಿ ಹಿಡಿದು ಮಾರುತೆಪ್ಪನ ಕಟ್ಟೆಗೆ ನಡೆದ. ಅಲ್ಲಿ ಊರಿನ ಗಂಡಸರು ಕುಳಿತಿದ್ದರು. ನಾನು ಅವನ ಹಿಂದೆ ಹೋಗಿ ದೂರ ನಿಂತೆ.

"ಮಾರುತೆಪ್ಪಾ, ಸೈಕಲ್ ಕೆಟ್ಟಿದ್ದಿಲ್ಲ. ಮಿಸ್ತ್ರಿದೂ ಏನೂ ತಪ್ಪಿಲ್ಲ. ಗಾಲಿಗೆ ನಾ ಎಣ್ಣಿ ಹಚ್ಚಿದ್ದೆ. ಅದಕ್ಕ ಬ್ರೇಕ್ ಹಿಡಿಲಿಲ್ಲ, ಅದಕ್ಕ ನನ್ನ ಮಗಳು ಬಿದ್ಲು." ಬಟ್ಟೆಯನ್ನು ಅವರ ನಡುವೆ ಇಟ್ಟ.

ಒಬ್ಬೊಬ್ಬರೂ ಬಟ್ಟೆ ಮುಟ್ಟಿ, ಬೆರಳು ಮೂಸಿ ನೋಡಿದರು. ಕೊನೆಗೆ ಮಾರುತೆಪ್ಪ ಹೇಳಿದ: "ಎಲ್ಲಾರೂ ಹಚ್ಚತೀವಲ್ಲೋ ಶರಣಾ."

"ಅದನ್ನ ಹೇಳಾಕ ಬಂದೀನಿ. ಹುಡುಗ್ಯಾರ್ನ ನಿಂದರಸಬ್ಯಾಡ್ರಿ. ಎಣ್ಣಿ ಒರಸ್ರಿ."

"ಖಂಡೆ ಪೂಜ್ಯಾಗ ಎಣ್ಣಿ ಬ್ಯಾಡಂದ್ರ ದೇವರು ಸಿಟ್ಟಾಗಾಂಗಿಲ್ಲೇನು?" ಎಂದ ಒಬ್ಬ ಮುದುಕ.

"ದೇವರಿಗೆ ಇಳಿಜಾರಿನ್ಯಾಗ ಬ್ರೇಕ್ ಹಿಡಿಯೋ ಕೆಲಸಿಲ್ಲ ಕಾಕಾ, ಹುಡುಗ್ಯಾರಿಗೆ ಐತಿ," ಎಂದ ಶರಣಪ್ಪ.

ಮೊದಲು ಮುದುಕನೇ ನಕ್ಕ. ಆ ಸಂಜೆ ಓಣಿಯ ತುಂಬ ಬಕೆಟ್ಟು, ಸಾಬೂನು, ತಲೆಕೆಳಗಾದ ಸೈಕಲ್ಲು. ಮಾರುತೆಪ್ಪನ ಹೆಂಡತಿ ಗಂಡನನ್ನು ಛೇಡಿಸುತ್ತಿದ್ದಳು: "ಎಣ್ಣಿ ಹಚ್ಚುವಾಗ ಎರಡು ಕೈ ಇದ್ವಲ್ಲ, ಈಗ ತೊಳ್ಯಾಕ ಯಾಕ ಒಂದ ಕೈ?" ನಾನು ಕಟ್ಟೆಯ ಮೇಲೆ ಕುಳಿತು ಎಲ್ಲರ ರಬ್ಬರು ಉಜ್ಜಿಕೊಟ್ಟೆ. ಮಾರುತೆಪ್ಪ ಚಹಾ ತಂದುಕೊಟ್ಟು, "ಅವತ್ತು ಸೇತುವಿ ಮ್ಯಾಲ ಅಂದದ್ದು ಮನಸಿಗೆ ಹಚ್ಕೋಬ್ಯಾಡ್ರಿ," ಎಂದ. ನಾನು ಚಹಾ ಕುಡಿದು ಮುಂದಿನ ರಬ್ಬರು ಎತ್ತಿಕೊಂಡೆ.

ಶರಣಪ್ಪ ಮಗಳಿಗೆ ತಾನೇ ಹೇಳಬೇಕೆಂದು ದವಾಖಾನೆಗೆ ಬಂದಾಗ ನಾನೂ ಅಲ್ಲಿದ್ದೆ. ಮಂಚದ ಪಕ್ಕ ಕುಳಿತು, "ರೇಣವ್ವಾ, ಆ ಸೈಕಲ್..." ಎಂದು ಶುರುಮಾಡಿದ.

"ಗೊತ್ತೈತಪಾ. ಬಿದ್ದಾಗಿಂದ ಗೊತ್ತೈತಿ."

ಅಪ್ಪ ತಿರುಗಿ ನನ್ನನ್ನು ನೋಡಿದ. ಮಗಳೂ ನೋಡಿದಳು.

"ನೀವು ಹೇಳಿದ್ರೇನು?" ಇಬ್ಬರೂ ಒಟ್ಟಿಗೆ ಕೇಳಿದರು.

"ನಾ ಯಾರಿಗೂ ಹೇಳಿಲ್ಲ," ಎಂದೆ.

"ಗೊತ್ತಿದ್ದು ಯಾಕ ಸುಮ್ಮನಿದ್ದಿ?" ಎಂದು ಅವನು ಮಗಳನ್ನು ಕೇಳಿದ.

"ನೀ ಎಷ್ಟು ಖುಷಿಲೇ ತಿಕ್ಕಿದ್ದಿ," ಎಂದಳು ಅವಳು.

ಶರಣಪ್ಪ ಹೊರಗೆ ಹೋಗಿ ಬಹಳ ಹೊತ್ತು ನಲ್ಲಿಯಲ್ಲಿ ಮುಖ ತೊಳೆದುಕೊಂಡ.

ಆಮೇಲೆ ಪ್ರತಿ ವರ್ಷ ಮಹಾನವಮಿಗೆ ಮೊದಲು ನಾನು ಹೋದ ಶಾಲೆಗಳಲ್ಲೆಲ್ಲ ಮಕ್ಕಳಿಗೆ ಹೇಳುತ್ತಿದ್ದೆ: ಸೈಕಲ್ಲಿಗೆ ಪೂಜೆ ಮಾಡಿ, ಹೂ ಏರಿಸಿ, ವಿಭೂತಿಯನ್ನು ಹ್ಯಾಂಡಲ್ಲಿಗೆ ಹಚ್ಚಿ, ಎಣ್ಣೆ ಚೈನಿಗೆ ಮಾತ್ರ. ಈ ಕೆಲಸಕ್ಕೆ ಹೊಸದಾಗಿ ಬರುವವರೂ ಇದನ್ನು ಹೇಳಬೇಕು. ಈಗ ಬರುತ್ತಿರುವ ತಟ್ಟೆಯ ಬ್ರೇಕಿಗೂ, ಅಂದರೆ ಡಿಸ್ಕ್ ಬ್ರೇಕಿಗೂ, ಇದೇ ಮಾತು. ತಟ್ಟೆಗೆ ಎಣ್ಣೆ ತಾಗಬಾರದು. ನನ್ನ ಮಾತಿಗಿಂತ ಶರಣಪ್ಪನ ಮಾತೇ ಹೆಚ್ಚು ದೂರ ಹೋಯಿತು ಎಂಬುದನ್ನೂ ಬರೆಯಬೇಕು. ಅವನು ಯಾವ ಊರಿಗೆ ಹೋದರೂ ನಾಚದೆ ತನ್ನ ಕಥೆ ಹೇಳುತ್ತಿದ್ದ. ಆ ಅಪ್ಪ ಮಗಳು ತಮ್ಮ ನಡುವಿನ ಮಾತಿಗೆ ನನ್ನನ್ನು ಸೇರಿಸಿಕೊಂಡದ್ದು ನನ್ನ ಪುಣ್ಯ.

ಪಟ್ಟಿ ಬಿಚ್ಚಿದ ಮೇಲೂ ರೇಣುಕಾ ಕೆಲವು ವಾರ ಸೈಕಲ್ ತುಳಿಯಬಾರದೆಂದು ಡಾಕ್ಟರು ಹೇಳಿದ್ದರು. ಅವಳು ಕಾಯಲು ಒಪ್ಪಲಿಲ್ಲ. ಮುಂದಿನ ಗಾಲಿಯನ್ನು ನೀಲಕ್ಕ ಅಂಗಡಿಯಿಂದ ಕೊಟ್ಟಿದ್ದರು. ಅದನ್ನು ಕೂಡಿಸಲು ನಾನು ಹಿಂದಿನ ದಿನವೇ ಹೋಗಿದ್ದೆ. ಬೆಳಿಗ್ಗೆ ಶಾಲೆಗೆಂದು ಶರಣಪ್ಪ ಮಗಳನ್ನು ಹಿಂದಿನ ಕ್ಯಾರಿಯರ್ ಮೇಲೆ ಕೂಡಿಸಿಕೊಂಡು, ತಾನು ಪಕ್ಕದಲ್ಲಿ ನಡೆಯುತ್ತ ಸೈಕಲ್ ತಳ್ಳಿಕೊಂಡು ಬಂದ. ಹಿಂದೆ ಮಾರುತೆಪ್ಪನ ಮಗಳು ಮತ್ತು ಉಳಿದ ಹುಡುಗಿಯರು. ಇಳಿಜಾರು ಶುರುವಾಗುವ ಕಡೆ ಅವನು ಎರಡೂ ಬ್ರೇಕ್ ಹಿಡಿದ. ಚೊಕ್ಕಟ ರಿಮ್ಮಿನ ಮೇಲೆ ಹೊಸದಾಗಿ ಉಜ್ಜಿದ ರಬ್ಬರು ಮೊದಮೊದಲು ಸದ್ದು ಮಾಡುತ್ತದೆ. ಸೈಕಲ್ಲು ಊರಿಗೆಲ್ಲ ಕೇಳುವಂತೆ ಕಿರ್ರೆಂದು ಚೀರಿತು. ಕಟ್ಟೆಗಳ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಹುಡುಗಿಯರು ನಗತೊಡಗಿದರು.

"ಅಪ್ಪಾ, ನಾಚಿಕಿ ಬರತೈತಿ. ನಿಂದ್ರು, ಮಾಮಾ ಅಲ್ಲೇ ಅದಾರ, ಈ ಚೀರೋದು ಬಿಡಸಂತ ಹೇಳು."

"ಚೀರ್ಲಿ ಬಿಡವ್ವಾ," ಎಂದು ಶರಣಪ್ಪ ಬ್ರೇಕನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದು ಸೇತುವೆಯ ಕಡೆಗೆ ಇಳಿದ.